ಎಡಬೇಲಿಗೆ ಬಂದ ಚೆಂಡು

ಎದುರಾಳಿ ತಂಡದವರು ಬೇಲಿ ದಾಟಿಸಿ ಹೊಡೆದ ಹೋಮ್ ರನ್ ಚೆಂಡು ನಮ್ಮ ಕಡೆಗೆ ಬಿದ್ದರೆ ಅದನ್ನು ಯಾರೂ ಮನೆಗೆ ಒಯ್ಯುವಂತಿಲ್ಲ. ಹಿಡಿದವರು ನಿಂತ ಕಾಲಲ್ಲೇ ಮೈದಾನಕ್ಕೆ ವಾಪಸ್ ಎಸೆಯಬೇಕು. ಇದು ಎಡಬೇಲಿಯ ಕಾನೂನು. ಮಾಡಿದವಳು ನಾನೇ, ಅರ್ಲೀನ್ ವಿದ್ರಿನ್.

ಬಾಯೂ ನ್ವಾರ್ ಕಾಲೇಜಿನ ಹುಡುಗಿಯರ ಸಾಫ್ಟ್‌ಬಾಲ್ ಮೈದಾನದಲ್ಲಿ ಎಡಗಡೆಯ ಬೇಲಿಗೆ ಬೆನ್ನು ಹಾಕಿ ಸಾಲಾಗಿ ನಿಲ್ಲುವ ಪಿಕಪ್ ಟ್ರಕ್ಕುಗಳು ನಮ್ಮವು. ಅಲ್ಲಿ ಜಾಗ ಸಿಗುವುದು ಹುಡುಗಾಟವಲ್ಲ. ಯಾರಾದರೂ ಸತ್ತರೆ ಹೂಗುಚ್ಛಕ್ಕಿಂತ ಮುಂಚೆ ಅವರ ಜಾಗಕ್ಕೆ ಅರ್ಜಿ ಹೋಗುತ್ತದೆ. ಅಂಥ ಜಾಗದಲ್ಲಿ ನಿಂತ ಮೇಲೆ ಮರ್ಯಾದೆಯಿಂದ ಇರಬೇಕು. ಒಮ್ಮೆ ನಮ್ಮ ಪಾದ್ರಿ ಓರೇಲಿಯನ್ ಸ್ವಾಮಿಗಳು ಎದುರಾಳಿಯ ಚೆಂಡನ್ನು ತಮ್ಮನ ಮಗನಿಗೆಂದು ನಿಲುವಂಗಿಯೊಳಗೆ ಸೇರಿಸಿಕೊಂಡರು. ನಾನು ಅವರ ಟ್ರಕ್ಕನ್ನು ಆ ಸೀಸನ್ ಮುಗಿಯುವವರೆಗೆ ಜಿಮ್‌ನ ಹಿಂದಕ್ಕೆ ಕಳಿಸಿದೆ. ಅಲ್ಲಿಂದ ಕಾಣುವುದು ಗೋಡೆ ಮತ್ತು ಕಸದ ಡಬ್ಬಿ ಮಾತ್ರ. ಮುಂದಿನ ವಾರ ಪಾಪನಿವೇದನೆಗೆ ಹೋದಾಗ ಅವರು ನನಗೆ ಇದ್ದಬದ್ದ ಜಪವನ್ನೆಲ್ಲ ಶಿಕ್ಷೆಯಾಗಿ ಹಾಕಿದರು. ಹಾಕಲಿ, ಕಾನೂನು ಕಾನೂನೇ.

ಇನ್ನು ಕೆಲವು ಜಾಣರಿರುತ್ತಾರೆ. ಜೇಬಿನಲ್ಲಿ ಬೇರೊಂದು ಚೆಂಡು ತಂದಿರುತ್ತಾರೆ. ಅದನ್ನು ಎಸೆದು ಅಸಲಿಯನ್ನು ಒಳಗೆ ಹಾಕಿಕೊಳ್ಳುತ್ತಾರೆ. ಅಂಥವರಿಗೆ ಇಡೀ ಒಂದು ವರ್ಷ ಜಿಮ್‌ನ ಹಿಂದೆ ವಾಸ. ಇದೂ ನಾನೇ ಮಾಡಿದ್ದು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಈ ಶನಿವಾರ ನಮ್ಮ ಮೈದಾನದಲ್ಲಿ ಸೀಸನ್ನಿನ ಕೊನೆಯ ಆಟವಿತ್ತು. ಎದುರಾಳಿ ಹಾರ್ಲನ್ ಕಾಲೇಜು. ಹಾರ್ಲನ್ನಿನ ಎಡ ಮೈದಾನದಲ್ಲಿ, ಅಂದರೆ ನಮ್ಮ ಬೇಲಿಯ ಮುಂದೆಯೇ, ಹಸಿರು ಅಂಗಿ ಹಾಕಿಕೊಂಡು ನಿಂತಿದ್ದವಳು ನನ್ನ ಸೀಡೋನಿ.

ಅವಳ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತವರು ನಾನು ಮತ್ತು ನನ್ನ ಗಂಡ ಕ್ಲೋವಿಸ್. ಹಾಗಾಗಿ ನಮ್ಮ ಕಡೆಯ ಮಾತಿನಲ್ಲಿ ಅವಳಿಗೆ ನಾನು ನೇನೆನ್, ಅಂದರೆ ಜ್ಞಾನತಾಯಿ, ಅವನು ಪಾರೆನ್, ಜ್ಞಾನತಂದೆ. ನಮಗೆ ಮಕ್ಕಳಿಲ್ಲ, ಅವಳೇ ಎಲ್ಲ. ಕಾಲು ನೆಲಕ್ಕೆ ಎಟುಕದ ವಯಸ್ಸಿನಲ್ಲಿ ನಮ್ಮ ಟ್ರಕ್ಕಿನ ಹಿಂಬಾಗಿಲ ಮೇಲೆ ಕೂತು ಆಟ ನೋಡಿದವಳು. ‘ಎಸಿ, ಎಸಿ’ ಎಂದು ಎಲ್ಲರಿಗಿಂತ ಜೋರಾಗಿ ಕಿರುಚುತ್ತಿದ್ದವಳು. ಎಲ್ಲ ಚೆಂಡನ್ನೂ ಯಾಕೆ ವಾಪಸ್ ಎಸೆಯಬೇಕು ಎಂದು ಒಮ್ಮೆ ಕೇಳಿದಳು. ‘ಎಲ್ಲವನ್ನೂ ಅಲ್ಲ ಮಗಳೇ, ನಮಗೆ ನೋವು ಕೊಟ್ಟದ್ದನ್ನು ಮಾತ್ರ’ ಎಂದಿದ್ದೆ.

ಮುಂದೆ ನಮ್ಮ ಕಾಲೇಜಿನ ತರಬೇತುದಾರರು ಅವಳನ್ನು ಗಿಡ್ಡ ಎಂದರು, ಹಾರ್ಲನ್ನಿನವರು ಬಾ ಎಂದರು. ಹೋದಳು. ಹೋದಲ್ಲೂ ಹೆಚ್ಚು ದಿನ ಬೆಂಚಿನ ಮೇಲೆಯೇ ಕೂತಳು. ಅವಳ ಜಾಗದಲ್ಲಿ ಆಡುವ ಹುಡುಗಿ ಕಾಲು ಉಳುಕಿಸಿಕೊಂಡಿದ್ದರಿಂದ ಅವತ್ತು ಮೊದಲಿನಿಂದ ಆಡುತ್ತಿದ್ದಳು. ಇದು ಅವಳ ಕೊನೆಯ ವರ್ಷ, ಮುಂದೆ ಆಟವಿಲ್ಲ. ಇಲ್ಲಿಯವರೆಗೆ ಒಂದೇ ಒಂದು ಹೋಮ್ ರನ್ ಹೊಡೆದಿರಲಿಲ್ಲ.

ಬೆಳಿಗ್ಗೆ ಟ್ರಕ್ಕು ನಿಲ್ಲಿಸುತ್ತಿದ್ದಂತೆ ಕ್ಲೋವಿಸ್ ಕಬ್ಬಿಣದ ಹಂಡೆಯನ್ನು ಒಲೆಗೇರಿಸಿ ಜಂಬಾಲಾಯ ಅನ್ನಕ್ಕೆ ಈರುಳ್ಳಿ ಹೆಚ್ಚಲು ಕೂತ. ಆಮೇಲೆ ಕಣ್ಣು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ. ಅವನ ಅಡುಗೆಯ ಏಪ್ರನ್ನಿನ ಜೇಬು ಉಬ್ಬಿತ್ತು.

"ಏನದು?" ಎಂದೆ.

"ಏನಿಲ್ಲ. ಚೆಂಡು."

"ಯಾವ ಚೆಂಡು?"

"ಅಂಗಡೀದು. ಹೊಸದು. ಅಕಸ್ಮಾತ್ ಅವಳು ಹೊಡೆದು, ಅಕಸ್ಮಾತ್ ನಿನ್ನ ಕೈಗೇ ಬಂದ್ರೆ..."

ನನಗೆ ಮೈಯೆಲ್ಲ ಉರಿದುಹೋಯಿತು. "ಕ್ಲೋವಿಸ್! ಪಾದ್ರಿಗಳನ್ನೇ ಆಚೆ ಹಾಕಿದವಳು ನಾನು. ನನ್ನ ಟ್ರಕ್ಕಿಗೇ ಕಳ್ಳ ಚೆಂಡು ತರ್ತೀಯಾ?"

"ಮೊದಲ್ನೇ ಹೋಮ್ ರನ್ ಚೆಂಡು ಕಣೇ. ಹುಡುಗಿ ಜೀವಮಾನ ಪೂರ್ತಿ ಇಟ್ಕೊಳ್ಳೋದು. ಮೈದಾನಕ್ಕೆ ಎಸೆದ್ರೆ ಆಟದ ಚೆಂಡುಗಳ ಜೊತೆ ಸೇರಿ ಎಲ್ಲಿ ಹೋಯ್ತು ಅಂತ್ಲೂ ಗೊತ್ತಾಗಲ್ಲ."

"ತೆಗೆದು ಬಿಸಾಕು."

"ಆಯ್ತು" ಎಂದ. ಬಿಸಾಕಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಬೇಕೆಂದೇ ಕೇಳಲಿಲ್ಲ.

ಆಟ ಶುರುವಾಯಿತು. ಎದುರಾಳಿಯ ಎಡ ಮೈದಾನದವಳನ್ನು ಕಾಡಿಸುವುದು ನಮ್ಮ ಹಕ್ಕು. ಅವಳ ತಾಯಿಯ ಸುದ್ದಿಗೆ ಹೋಗುವಂತಿಲ್ಲ, ರೂಪದ ಸುದ್ದಿಗೆ ಹೋಗುವಂತಿಲ್ಲ. ಮಿಕ್ಕದ್ದೆಲ್ಲ ನಡೆಯುತ್ತದೆ. ಪಕ್ಕದ ಟ್ರಕ್ಕಿನ ಟೀ-ರಾಯ್ ಇದರಲ್ಲಿ ಪಂಡಿತ. ಅವನ ಗಂಟಲಿಗೆ ಮೈಕು ಬೇಡ.

"ಸೀಡೋನೀ! ಆ ಹಸಿರು ಬಟ್ಟೆ ಎಲ್ಲಿ ಸಿಕ್ತೇ? ಯಾರ್ ಮನೆ ಕಿಟಕಿ ಪರದೆ ಕಿತ್ಕೊಂಡ್ ಬಂದೆ?"

ಸೀಡೋನಿ ತಿರುಗಲಿಲ್ಲ. ಬೆನ್ನ ಹಿಂದೆ ಕೈ ತಂದು, ಬೆರಳುಗಳನ್ನು ಬಾಯಿಯ ಹಾಗೆ ತೆರೆದು ಮುಚ್ಚಿ, ‘ವಟಗುಟ್ಟುತ್ತಿರು’ ಎಂದು ತೋರಿಸಿದಳು. ಇಡೀ ಬೇಲಿ ನಕ್ಕಿತು.

"ನಮ್ಮ ಮನೇಲಿ ಉಂಡು ಬೆಳೆದು, ಗಂಬೋ ಸಾರಿಗೆ ಟೊಮೆಟೊ ಹಾಕೋ ಜನರ ಜೊತೆ ಸೇರ್ಕೊಂಡ್ಯಲ್ಲೇ! ಗಂಟಲಲ್ಲಿ ಹೇಗೇ ಇಳಿಯುತ್ತೆ?"

ಅವಳು ಹೊಟ್ಟೆ ಹಿಡಿದುಕೊಂಡು ನರಳುವವಳ ಹಾಗೆ ಬಗ್ಗಿದಳು. ಟೀ-ರಾಯ್ ನನ್ನ ಕಡೆ ತಿರುಗಿದ. "ಮಿಸ್ ಅರ್ಲೀನ್, ನನ್ನ ಹತ್ರ ಸರಕು ಖಾಲಿ. ನೀವೇ ಏನಾದ್ರೂ ಕೊಡಿ. ಮನೇವರಲ್ವಾ?"

ಎಲ್ಲರೂ ನನ್ನನ್ನೇ ನೋಡಿದರು. ಅತ್ತ ದರಿ, ಇತ್ತ ಪುಲಿ. ಸುಮ್ಮನಿದ್ದರೆ ಹುಡುಗಿಗೆ ಸಲಿಗೆ ಕೊಟ್ಟಳು ಎನ್ನುತ್ತಾರೆ. ಎದ್ದು ನಿಂತೆ.

"ಸೀಡೋನಿ! ಮೊದಲ ಪರಮಪ್ರಸಾದದ ದಿನ ನಿದ್ದೆ ಮಾಡಿ ಬೆಂಚಿಂದ ಕೆಳಗೆ ಬಿದ್ದೋಳು ನೀನೇ ಅಲ್ವೇನೇ? ಇಲ್ಲೂ ನಿದ್ದೆ ಮಾಡ್ಬೇಡ!"

ಈಗ ತಿರುಗಿದಳು. "ನೇನೆನ್! ಅದು ನಮ್ಮಿಬ್ರ ಗುಟ್ಟು!"

ಅಷ್ಟರಲ್ಲಿ ಚೆಂಡು ಅವಳ ಕಡೆಗೇ ಬಂತು. ‘ಅಯ್ಯೋ’ ಎಂದು ನನ್ನ ಬಾಯಿ ಕೂಗಿಬಿಟ್ಟಿತು. ಅವಳು ಗಿರ್ರನೆ ತಿರುಗಿ ಓಡಿ ಹಿಡಿದಳು. ಔಟಾದವಳು ನಮ್ಮವಳೇ. ನಾನು ಸಮಾಧಾನದ ನಿಟ್ಟುಸಿರು ಬಿಟ್ಟದ್ದನ್ನು ಟೀ-ರಾಯ್ ನೋಡಿದ, ಹುಬ್ಬು ಹಾರಿಸಿದ.

ಆಟ ಎಂದರೆ ಅದು ಆಟ. ನಮ್ಮವರು ಒಂದು ರನ್ ತೆಗೆದರೆ ಅವರು ಒಂದು, ಅವರು ಇನ್ನೊಂದು ತೆಗೆದರೆ ನಾವು ಎರಡು. ನಮ್ಮ ಬೆಂಚಿನ ಹುಡುಗಿಯರು ಬಕೆಟ್ ಬಡಿದುಕೊಂಡು ಹಾಡುತ್ತಿದ್ದರು. ಬಿಸಿಲಿಗೆ ಟ್ರಕ್ಕಿನ ತಗಡು ಸುಡುತ್ತಿತ್ತು, ಯಾರೂ ಕೂತಿರಲಿಲ್ಲ. ಜಂಬಾಲಾಯದ ತಟ್ಟೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಸೀಡೋನಿ ಒಂದು ಸಲ ಮೂರು ಬೀಸಿಗೂ ತಪ್ಪಿ ಔಟಾದಳು, ಇನ್ನೊಂದು ಸಲ ಚೆಂಡನ್ನು ನೆತ್ತಿಯ ನೇರಕ್ಕೆ ಮೇಲೆತ್ತಿ ಔಟಾದಳು. ತಲೆ ತಗ್ಗಿಸಿಕೊಂಡು ವಾಪಸ್ ಹೋಗುವಾಗ ಅವಳ ಹೆಜ್ಜೆ ನೋಡಿ ನನ್ನ ತಟ್ಟೆಯನ್ನು ಪಕ್ಕದವರ ಕೈಗೆ ದಾಟಿಸಿಬಿಟ್ಟೆ.

ಕೊನೆಯ, ಏಳನೆಯ ಇನ್ನಿಂಗ್ಸ್. ಮೊದಲು ಹಾರ್ಲನ್ನಿನವರ ಸರದಿ. ನಾವು ಮೂರು, ಅವರು ಎರಡು. ಇಬ್ಬರು ಔಟ್, ಒಬ್ಬಳು ಮೊದಲ ಬೇಸಿನಲ್ಲಿ. ಬ್ಯಾಟು ಹಿಡಿದು ಬಂದವಳು ಸೀಡೋನಿ.

ನಮ್ಮ ಸಾಲಿನವರೆಲ್ಲ ಕಾಲು ಕುಟ್ಟತೊಡಗಿದರು. ಇನ್ನೊಬ್ಬಳು, ಮೂರನೆಯವಳು ಔಟಾದರೆ ಆಟ ನಮ್ಮದು. ನಾನೂ ಕುಟ್ಟಿದೆ. ದೇವರೇ, ಅವಳು ಹೊಡೆಯಲಿ. ದೇವರೇ, ನಾವು ಗೆಲ್ಲಲಿ. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದೆ. ಆತ ತಲೆ ಕೆರೆದುಕೊಂಡಿರಬೇಕು.

ಮೊದಲ ಚೆಂಡು ಬಿಟ್ಟಳು. ಎರಡನೆಯದಕ್ಕೆ ಬೀಸಿ ತಪ್ಪಿದಳು. ಮೂರನೆಯದು ಸ್ವಲ್ಪ ಮೇಲೆ ಬಂತು. ಅವಳಿಗೆ ಅಂಥ ಚೆಂಡು ಇಷ್ಟವೆಂದು ನನಗೆ ಗೊತ್ತಿತ್ತು. ನಮ್ಮ ಹಿತ್ತಲಲ್ಲಿ ಅಂಥದ್ದನ್ನೇ ಹಾಕು ಎಂದು ಹಟ ಮಾಡುತ್ತಿದ್ದಳು. ಬ್ಯಾಟು ತಾಗಿದ ಸದ್ದಿಗೇ ನಮ್ಮ ಎಡ ಮೈದಾನದ ಮಾರ್ಗರೀಟ್ ಹಿಂದೆ ಓಡತೊಡಗಿದಳು, ಬೇಲಿಯವರೆಗೆ ಬಂದಳು, ಅಲ್ಲೇ ನಿಂತು ಮೇಲೆ ನೋಡಿದಳು. ಹಳದಿ ಚೆಂಡು ಅವಳ ತಲೆಯ ಮೇಲಿಂದ ದಾಟಿ ನೇರವಾಗಿ ನನ್ನ ಕಡೆಗೆ ಬಂತು. ಎಡಗೈಯ ಗ್ಲೌಸು ಎತ್ತಿದೆ. ಪಟ್ ಎಂದು ಬಂದು ಕೂತಿತು. ಅಂಗೈ ಉರಿದುಹೋಯಿತು.

ಹೊಡೆದಳು! ನನ್ನ ಹುಡುಗಿ ಹೊಡೆದಳು! ಅಯ್ಯೋ, ನಾವು ಸೋಲುತ್ತಿದ್ದೇವೆ! ಬೇಸಿನಲ್ಲಿದ್ದವಳೂ ಅವಳೂ ಸೇರಿ ಎರಡು ರನ್. ಹಾರ್ಲನ್ ನಾಲ್ಕು, ನಾವು ಮೂರು.

"ಎಸಿ! ಎಸಿ! ಎಸಿ!" ಇಡೀ ಬೇಲಿ ಟ್ರಕ್ಕುಗಳನ್ನು ಗುದ್ದುತ್ತ ಕೂಗುತ್ತಿತ್ತು. ಟೀ-ರಾಯ್ ನನ್ನ ಮುಖಕ್ಕೆ ಮುಖ ತಂದು, "ಎಸೀರಿ ಮಿಸ್ ಅರ್ಲೀನ್! ನಿಮ್ಮದೇ ಕಾನೂನು!" ಎಂದ. ಅಷ್ಟರಲ್ಲಿ ನನ್ನ ಬಲಗೈಗೆ ಏನೋ ದುಂಡಗಿನದು ಬಂದು ಸೇರಿತು. ಕ್ಲೋವಿಸ್ ಹಿಂದೆ ನಿಂತು ಬೇರೆಲ್ಲೋ ನೋಡುತ್ತಿದ್ದ. ಜಗತ್ತಿನಲ್ಲಿ ಅಷ್ಟು ಕೆಟ್ಟದಾಗಿ ನಟಿಸುವ ಗಂಡಸು ಇನ್ನೊಬ್ಬನಿಲ್ಲ.

ಸೀಡೋನಿ ಎರಡನೆಯ ಬೇಸು ದಾಟುತ್ತಿದ್ದಳು. ನಮ್ಮ ಕಡೆಗೇ ನೋಡುತ್ತಿದ್ದಳು. ನಾನು ಹಿಡಿದದ್ದನ್ನು ನೋಡಿದ್ದಳು. ಓಡುತ್ತಲೇ ಕೈಯೆತ್ತಿ ಗಾಳಿಯಲ್ಲಿ ಎಸೆದಂತೆ ಮಾಡಿದಳು. ಅದು ನಮ್ಮದೇ ಸನ್ನೆ. ಟ್ರಕ್ಕಿನ ಹಿಂಬಾಗಿಲ ಮೇಲೆ ಕೂತು ಕಲಿತದ್ದು. ‘ಎಸಿ ನೇನೆನ್’ ಎಂದು ನನ್ನಿಂದ ಕೇಳುತ್ತಿದ್ದಳು.

ಎಸೆಯುತ್ತೇನೆ, ಅಸಲಿಯನ್ನೇ ಎಸೆಯುತ್ತೇನೆ ಎಂದು ನಿಶ್ಚಯಿಸಿದೆ. ದೇವರಾಣೆ, ನಿಶ್ಚಯಿಸಿದ್ದೆ. ಆದರೆ ನಾನು ಹುಟ್ಟಿದಾಗಿನಿಂದ ಬಲಗೈಯಲ್ಲಿ ಎಸೆಯುವವಳು. ಬಲಗೈ ತನ್ನಲ್ಲಿದ್ದದ್ದನ್ನು ಎಸೆದುಬಿಟ್ಟಿತು.

ಬೇಲಿ ಹುಯ್ಯೆಂದಿತು. "ಇದಪ್ಪಾ ಅಂದ್ರೆ! ಮನೆ ಮಗಳು ಅಂತ್ಲೂ ನೋಡ್ಲಿಲ್ಲ! ನಿಮ್ಮಂಥೋರು ಇನ್ನೊಬ್ರಿಲ್ಲ ಮಿಸ್ ಅರ್ಲೀನ್!" ಎಂದು ಟೀ-ರಾಯ್ ನನ್ನ ಬೆನ್ನು ತಟ್ಟಿದ. ನಾನು ಗ್ಲೌಸು ಮುಚ್ಚಿ ಎದೆಗೆ ಒತ್ತಿಕೊಂಡೆ. ಒಳಗೆ ಚೆಂಡು ಗಟ್ಟಿಯಾಗಿ ಕೂತಿತ್ತು. ಯಾರಿಗೂ ಗೊತ್ತಿಲ್ಲ. ಕ್ಲೋವಿಸ್ ಕಣ್ಣು ಮಿಟುಕಿಸಿದ. ಸಂಜೆ ಅವಳ ಕೈಗಿಟ್ಟರೆ ಮುಗಿಯಿತು. ಜಾಗವೂ ಉಳಿಯಿತು, ಚೆಂಡೂ ಉಳಿಯಿತು.

ಹೋಮ್ ಬೇಸಿನಲ್ಲಿ ಹಸಿರು ಅಂಗಿಯವರೆಲ್ಲ ಸೀಡೋನಿಯನ್ನು ಮುತ್ತಿಕೊಂಡು ಹೆಲ್ಮೆಟ್ಟಿನ ಮೇಲೆ ಬಡಿಯುತ್ತಿದ್ದರು. ಅವಳು ಮಾತ್ರ ಅವರ ತಲೆಗಳ ಮೇಲಿಂದ ಎಡಬೇಲಿಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಅಷ್ಟು ದೂರದಿಂದ ಅವಳಿಗೆ ಹೇಗೆ ಗೊತ್ತಾಯಿತೋ! ನೋವು ಕೊಟ್ಟದ್ದನ್ನು ಮಾತ್ರ ವಾಪಸ್ ಎಸೆಯುತ್ತೇವೆ ಎಂದು ಹೇಳಿಕೊಟ್ಟವಳು ನಾನು. ಗಿಡ್ಡ ಎಂದು ನಾವು ಬೇಡವೆಂದ ಹುಡುಗಿ ಬಂದು ನಮ್ಮ ಎದೆಗೇ ಹೊಡೆದಿದ್ದಾಳೆ. ನಾನು ಅವಳಿಗೆ ಅಂಗಡಿಯ ಚೆಂಡು ಎಸೆದು ಸಮಾಧಾನ ಮಾಡುತ್ತಿದ್ದೇನೆ.

ನನಗೆ ನನ್ನ ಮೇಲೆ, ಕ್ಲೋವಿಸ್ ಮೇಲೆ, ಆ ತರಬೇತುದಾರನ ಮೇಲೆ, ಎಲ್ಲರ ಮೇಲೂ ಒಟ್ಟಿಗೆ ಸಿಟ್ಟು ಬಂತು. ಗ್ಲೌಸಿನಿಂದ ಚೆಂಡು ತೆಗೆದು, "ತಗೊಳ್ಳೇ!" ಎಂದು ಕಿರುಚಿ, ಇದ್ದ ಬಲವನ್ನೆಲ್ಲ ಹಾಕಿ ಎಸೆದೆ. ಮಾರ್ಗರೀಟ್ ತಲೆ ತಗ್ಗಿಸದಿದ್ದರೆ ಅವಳ ಗತಿ ಏನಾಗುತ್ತಿತ್ತೋ.

ಮಾರ್ಗರೀಟ್ ಎರಡೂ ಕೈಯಲ್ಲಿ ಒಂದೊಂದು ಚೆಂಡು ಹಿಡಿದು ನಿಂತಳು. ಅಂಪೈರು ಸೊಂಟಕ್ಕೆ ಕೈಯಿಟ್ಟು ನಮ್ಮ ಕಡೆ ನೋಡಿದ. ಮೊದಲು ಬಾಯಿ ಬಂದದ್ದು ಟೀ-ರಾಯ್‌ಗೆ.

"ಹೊಡೆದದ್ದು ಒಂದು, ಬಂದದ್ದು ಎರಡು! ನಿಮ್ಮ ಗ್ಲೌಸಲ್ಲಿ ಚೆಂಡು ಮರಿ ಹಾಕ್ತೇನ್ರೀ ಮಿಸ್ ಅರ್ಲೀನ್?"

ಆಮೇಲೆ ಅವನಿಗೆ ಹೊಳೆಯಿತು. ಟೋಪಿ ತೆಗೆದು ನೆಲಕ್ಕೆ ಬಡಿದ. "ಕಳ್ಳ ಚೆಂಡು! ಬೇಲೀನೇ ಎದ್ದು ಹೊಲ ಮೇಯ್ತಲ್ರಪ್ಪೋ!"

ಟ್ರಕ್ಕಿನಿಂದ ಟ್ರಕ್ಕಿಗೆ ಸುದ್ದಿ ಹರಿಯಿತು. ಜನ ನಕ್ಕು ನಕ್ಕು ಬಗ್ಗಿದರು. ದೂರದಲ್ಲಿ ಓರೇಲಿಯನ್ ಸ್ವಾಮಿಗಳು ಎರಡೂ ಕೈ ಆಕಾಶಕ್ಕೆತ್ತಿ ದೇವರಿಗೆ ವಂದಿಸುತ್ತಿದ್ದುದು ಕಾಣಿಸಿತು. ಕ್ಲೋವಿಸ್ ಹಂಡೆಯೊಳಗೆ ತಲೆ ಹಾಕಿ ಏನನ್ನೋ ಕೆದಕುತ್ತಿದ್ದ.

"ಶಿಕ್ಷೆ ಏನು, ನೀವೇ ಹೇಳಿ" ಎಂದ ಟೀ-ರಾಯ್.

"ಒಂದು ವರ್ಷ, ಜಿಮ್ ಹಿಂದೆ" ಎಂದೆ. ಮಾಡಿದ್ದುಣ್ಣೋ ಮಹರಾಯ. "ಆದರೆ ಈ ಆಟ ಮುಗೀಲಿ. ಇನ್ನೂ ನಮ್ಮ ಸರದಿ ಇದೆ. ಸುಮ್ನೆ ಕೂಗು!"

ಮಾರ್ಗರೀಟ್ ಎರಡೂ ಚೆಂಡುಗಳನ್ನು ಹಾರ್ಲನ್ನಿನ ಬೆಂಚಿನ ಕಡೆ ಉರುಳಿಸಿ, "ಯಾವ್ದು ನಿಮ್ದೋ ನೀವೇ ನೋಡ್ಕೊಳ್ಳಿ" ಎಂದಳು. ಅವರ ಮುಂದಿನ ಹುಡುಗಿ ಬೇಗ ಔಟಾದಳು. ಸೀಡೋನಿ ಓಡಿ ಬಂದು ನಮ್ಮ ಮುಂದೆ ತನ್ನ ಜಾಗದಲ್ಲಿ ನಿಂತಳು. ಯಾರೂ ಕಾಡಿಸಲಿಲ್ಲ. ಎಲ್ಲರ ಕಣ್ಣೂ ನಮ್ಮ ಬ್ಯಾಟಿನ ಮೇಲಿತ್ತು.

ನಮ್ಮ ಮೊದಲನೆಯವಳು ಔಟ್. ಎರಡನೆಯವಳು ಔಟ್. ಕ್ಲೋವಿಸ್ ಜಪಮಾಲೆ ಹುಡುಕಿದ. ಮೂರನೆಯವಳು ಸುಮ್ಮನೆ ನಿಂತು ನಿಂತು ಕೆಟ್ಟ ಎಸೆತಗಳ ಪುಣ್ಯದಿಂದ ಮೊದಲ ಬೇಸು ಪಡೆದಳು. ನಾಲ್ಕನೆಯವಳು ಚೆಂಡನ್ನು ಸಣ್ಣದಾಗಿ ತಳ್ಳಿ, ದೂಳಿನಲ್ಲಿ ಬಿದ್ದು ಜಾರಿ ಕೂದಲೆಳೆಯಲ್ಲಿ ಉಳಿದಳು. ಆಮೇಲೆ ಮಾರ್ಗರೀಟ್. ನಾನು ಟ್ರಕ್ಕಿನ ಚಾವಣಿ ಹತ್ತಿದ್ದೆ. ಯಾವಾಗ ಹತ್ತಿದೆನೋ ತಿಳಿಯದು.

ಮಾರ್ಗರೀಟ್ ಬಲಗಡೆಯ ಗೆರೆಗುಂಟ ಹೊಡೆದಳು. ಚೆಂಡು ಗೆರೆಯ ಒಳಗೇ ಬಿದ್ದು ಮೂಲೆಗೆ ಉರುಳಿತು. ಒಬ್ಬಳು ಬಂದಳು, ನಾಲ್ಕು ನಾಲ್ಕು! ಇನ್ನೊಬ್ಬಳು ಮೂರನೆಯ ಬೇಸಿನಲ್ಲಿ ನಿಲ್ಲಲೇ ಇಲ್ಲ. "ಓಡೇ! ಓಡೇ ಮಾರಾಯ್ತೀ!" ಎಂದು ನಾನು ಕಿರುಚಿದೆ. ಚೆಂಡೂ ಅವಳೂ ಒಟ್ಟಿಗೆ ಬಂದರು. ದೂಳೆದ್ದಿತು. ಅಂಪೈರು ಎರಡೂ ಕೈ ಅಗಲಿಸಿದ. ಉಳಿದಳು! ಐದು, ನಾಲ್ಕು! ಗೆದ್ದೆವು!

ಹಾರ್ನುಗಳು, ಬಕೆಟ್ಟುಗಳು, ಅಳು, ನಗು. ಟೀ-ರಾಯ್ ಪಾದ್ರಿಗಳನ್ನು ಎತ್ತಿಕೊಂಡು ಕುಣಿದ. ನಾನೂ ಕುಣಿದೆ. ಕುಣಿಯುತ್ತಲೇ ಕೆಳಗೆ ನೋಡಿದೆ. ಬೇಲಿಯ ಆಚೆ ಸೀಡೋನಿ ಒಬ್ಬಳೇ, ಮಂಡಿಯ ಮೇಲೆ ಕೈಯೂರಿ, ತಲೆ ಬಗ್ಗಿಸಿ ನಿಂತಿದ್ದಳು. ಕುಣಿಯುವುದನ್ನು ನಿಲ್ಲಿಸಿ ಚಾವಣಿಯಿಂದ ಇಳಿದೆ.

ಆಟ ಮುಗಿದ ಮೇಲೆ ಎದುರಾಳಿಯ ಎಡ ಮೈದಾನದವಳಿಗೆ ಬೇಲಿಯ ಮೇಲಿಂದ ಒಂದು ತಟ್ಟೆ ಊಟ ಕೊಡುವುದು ನಮ್ಮ ರೂಢಿ. ಇಷ್ಟು ಹೊತ್ತು ಬೈದದ್ದಕ್ಕೆ ಪ್ರಾಯಶ್ಚಿತ್ತ. ಎರಡು ತಂಡದವರೂ ಕೈಕುಲುಕಿದ ಮೇಲೆ ಸೀಡೋನಿ ಬಂದಳು. ಕಣ್ಣು ಕೆಂಪಗಿತ್ತು. ಕಂಕುಳಲ್ಲಿ ಎರಡು ಚೆಂಡು. ಕ್ಲೋವಿಸ್ ತಟ್ಟೆ ತುಂಬಿ ಚಾಚಿದ. ಅವಳು ಮೊದಲು ತಟ್ಟೆ ತೆಗೆದುಕೊಳ್ಳಲಿಲ್ಲ. ಒಂದು ಚೆಂಡನ್ನು ಮೂಸಿದಳು. ಇನ್ನೊಂದನ್ನು ಮೂಸಿದಳು.

"ಇದು ಈರುಳ್ಳಿ ನಾರುತ್ತೆ" ಎಂದು ಅದನ್ನು ಬೇಲಿಯ ಈಚೆ ಎಸೆದಳು. "ತಗೋ ಪಾರೆನ್, ನಿನ್ನ ಸಾಮಾನು."

ಕ್ಲೋವಿಸ್ ನಾಚಿ ಕೆಂಪಾದ.

"ನೀನೆಸೆದ ಮೊದಲ್ನೇದು ಬಂದಾಗ್ಲೇ ಗೊತ್ತಾಯ್ತು ನನಗೆ" ಎಂದಳು.

"ಹೇಗೆ ಗೊತ್ತಾಯ್ತೇ?"

"ಮೆತ್ತಗೆ ಬಂತು. ನೀನು ಹುಟ್ಟಿದಾಗಿನಿಂದ ಏನನ್ನಾದ್ರೂ ಮೆತ್ತಗೆ ಎಸೆದಿದ್ದೀಯಾ ನೇನೆನ್? ಅಯ್ಯೋ ಪಾಪ ಅಂತ ಎಸೆದ ಹಾಗಿತ್ತು. ಅಳು ಬಂತು ನನಗೆ."

"ಮತ್ತೆ ಎರಡ್ನೇದು?"

"ಎರಡ್ನೇದು ಮಾರ್ಗರೀಟ್ ತಲೆ ಒಡೀತಿತ್ತು." ಅವಳು ನಕ್ಕಳು, ಮೂಗು ಒರೆಸಿಕೊಂಡಳು. ಆಮೇಲೆ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಸಣ್ಣವಳಾಗಿದ್ದಾಗಿನ ದನಿಯಲ್ಲಿ ಕೇಳಿದಳು. "ನೋವಾಯ್ತಾ?"

"ಆಯ್ತು" ಎಂದೆ. "ತುಂಬಾ ನೋವಾಯ್ತು."

"ಹಾಗಾದ್ರೆ ಸರಿ" ಎಂದು ತಟ್ಟೆಗೆ ಕೈ ಚಾಚಿದಳು. ಮೊದಲ ತುತ್ತಿಗೇ ಕಣ್ಣು ಮುಚ್ಚಿಕೊಂಡಳು. ಬೇಲಿಯ ತಂತಿಯ ಸಂದಿಯಿಂದ ನಾನು ಅವಳ ಜಡೆಯ ಬಿಚ್ಚಿದ್ದ ರಿಬ್ಬನ್ನು ಕಟ್ಟಿದೆ.

ಟೀ-ರಾಯ್ ಗಂಟಲು ಸರಿಮಾಡಿಕೊಂಡ. "ಮಿಸ್ ಅರ್ಲೀನ್, ಬೇಜಾರಿಲ್ಲ ತಾನೆ? ಬೇಕಾದ್ರೆ ಇದೊಂದ್ಸಲ ಮಾಫಿ ಮಾಡೋಣ ಅಂತ ಹುಡುಗ್ರು..."

"ಬಾಯ್ಮುಚ್ಚು. ಕಾನೂನು ಕಾನೂನೇ."

"ಏನು ಕಾನೂನು?" ಎಂದಳು ಸೀಡೋನಿ, ಬಾಯಿ ತುಂಬ ಅನ್ನವಿಟ್ಟುಕೊಂಡು.

"ಮುಂದಿನ ವರ್ಷ ಪೂರ್ತಿ ನಮ್ಮ ಟ್ರಕ್ಕು ಜಿಮ್ ಹಿಂದೆ" ಎಂದ ಕ್ಲೋವಿಸ್.

"ಅಲ್ಲಿಂದ ಏನೂ ಕಾಣಲ್ವಲ್ಲ!"

"ಕೇಳಿಸುತ್ತೆ" ಎಂದೆ. "ಅಷ್ಟು ಸಾಕು."

ಅವಳು ಸ್ವಲ್ಪ ಹೊತ್ತು ಅಗಿದಳು. ಅವಳ ತಂಡದ ಬಸ್ಸು ಹಾರ್ನು ಹಾಕುತ್ತಿತ್ತು. ಚೆಂಡನ್ನು ಅಂಗಿಯೊಳಗೆ ಸೇರಿಸಿಕೊಂಡು, ತಟ್ಟೆಯನ್ನು ಬಿಡದೆ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಹೇಳಿದಳು. "ಮುಂದಿನ ವರ್ಷ ನನಗೂ ಆಟ ಇಲ್ಲ. ನನಗೂ ಒಂದು ಕುರ್ಚಿ ತಗೊಂಡ್ ಬನ್ನಿ."

"ಯಾವ ಬಣ್ಣದ ಅಂಗಿ ಹಾಕ್ಕೊಂಡ್ ಬರ್ತೀಯೇ?" ಎಂದು ಕೂಗಿದೆ.

ಅವಳು ತಿರುಗಲಿಲ್ಲ. ಬೆನ್ನ ಹಿಂದೆ ಕೈ ತಂದು, ಬೆರಳುಗಳನ್ನು ಬಾಯಿಯ ಹಾಗೆ ತೆರೆದು ಮುಚ್ಚಿ ತೋರಿಸಿದಳು.